ಆನ್‌ಲೈನ್ ಕೋರ್ಸ್‌ನಲ್ಲಿ ವಿದ್ಯಾರ್ಥಿಯಿಂದ ಏನನ್ನು ನಿರೀಕ್ಷಿಸಲಾಗುತ್ತದೆ, ಯಾವ ನೆರವು ದೊರೆಯುತ್ತದೆ?

ಆನ್‌ಲೈನ್ ಕೋರ್ಸ್ ಎಂದರೆ ಓದು ಹಗುರ ಎಂಬ ಭಾವನೆಯನ್ನು ಮೊದಲು ಬಿಡಬೇಕು. ತರಗತಿಯ ಕೊಠಡಿ ಇಲ್ಲವೆಂದ ಮಾತ್ರಕ್ಕೆ ಕ್ರೆಡಿಟ್‌ನ, ಅಂದರೆ ಓದಿನ ಹೊರೆಯನ್ನು ಅಳೆಯುವ ಮಾನದ, ಲೆಕ್ಕ ಬದಲಾಗುವುದಿಲ್ಲ. ಯುರೋಪಿನ ಪದ್ಧತಿಯನ್ನೇ ನೋಡಿದರೆ, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಗಳ ಕೆಲಸವಿರುತ್ತದೆ. ಅಂದರೆ 5 ಕ್ರೆಡಿಟ್‌ಗಳ ವಿಷಯವನ್ನು 15 ವಾರಗಳಲ್ಲಿ ಮುಗಿಸುವವರು ವಾರಕ್ಕೆ 8ರಿಂದ 10 ಗಂಟೆ ಮೀಸಲಿಡಬೇಕು. ನಲವತ್ತು ನಿಮಿಷದ ವಿಡಿಯೊವನ್ನು ಅಲ್ಲಲ್ಲಿ ನಿಲ್ಲಿಸಿ ಟಿಪ್ಪಣಿ ಬರೆದುಕೊಳ್ಳುತ್ತ ನೋಡಿದರೆ ಗಂಟೆ ದಾಟುವುದು ಸಹಜ. ವಾರದ ಆರಂಭದಲ್ಲೇ ಪಠ್ಯವನ್ನು ಓದುವುದು, ಚರ್ಚೆಯಲ್ಲಿ ಸಹಪಾಠಿಗಳ ವಾದಕ್ಕೆ ಕಾರಣಸಹಿತ ಉತ್ತರಿಸುವುದು, ಅಸೈನ್‌ಮೆಂಟ್ ಅನ್ನು ಸ್ವಂತ ಮಾತಿನಲ್ಲಿ ಬರೆಯುವುದು ವಿದ್ಯಾರ್ಥಿಯ ಹೊಣೆ.

ನೆರವಿನ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಕೇಳುವ ಧೈರ್ಯ. ತರಗತಿಯಲ್ಲಾದರೆ ಗೊಂದಲದ ಮುಖವನ್ನು ಅಧ್ಯಾಪಕರೇ ಗುರುತಿಸುತ್ತಾರೆ. ಇಲ್ಲಿ ನೀವು ಬರೆಯದ ಹೊರತು ಅದು ಯಾರಿಗೂ ತಿಳಿಯುವುದಿಲ್ಲ. ಆದುದರಿಂದ, "ಅರ್ಥವಾಗಲಿಲ್ಲ" ಎಂದಷ್ಟೇ ಬರೆಯದೆ, ಕೋರ್ಸ್‌ನ ಹೆಸರು, ಪ್ರಶ್ನೆಯ ಸಂಖ್ಯೆ, ಎಲ್ಲಿಯವರೆಗೆ ಪ್ರಯತ್ನಿಸಿದಿರಿ ಎಂಬುದನ್ನು ಸೇರಿಸಿ ಇಮೇಲ್ ಕಳುಹಿಸಿ. ಉತ್ತರವೂ ಅಷ್ಟೇ ನಿಖರವಾಗಿ ಬರುವ ಸಾಧ್ಯತೆ ಹೆಚ್ಚು.

ಗ್ರಂಥಾಲಯದ ಇ-ಪುಸ್ತಕಗಳು, ತಾಂತ್ರಿಕ ಸಹಾಯ, ಆಪ್ತಸಮಾಲೋಚನೆ ಇವೆಲ್ಲವೂ ಸಾಮಾನ್ಯವಾಗಿ ಆನ್‌ಲೈನ್ ವಿದ್ಯಾರ್ಥಿಗಳಿಗೂ ತೆರೆದಿರುತ್ತವೆ. ಶ್ರವಣ ಅಥವಾ ದೃಷ್ಟಿಯ ತೊಂದರೆ ಇರುವವರು ಸಬ್‌ಟೈಟಲ್, ಹೆಚ್ಚುವರಿ ಸಮಯ ಮುಂತಾದವನ್ನು ಪರೀಕ್ಷೆ ಹತ್ತಿರವಾಗುವವರೆಗೆ ಕಾಯದೆ ಮೊದಲ ವಾರದಲ್ಲೇ ಕೇಳುವುದು ಒಳಿತು, ಏಕೆಂದರೆ ವ್ಯವಸ್ಥೆಗೆ ಸಮಯ ಹಿಡಿಯುತ್ತದೆ. ಕೊನೆಯ ಗಳಿಗೆಯಲ್ಲಿ ಫೈಲ್ ಅಪ್‌ಲೋಡ್ ಆಗದಿದ್ದರೆ ತಪ್ಪಿನ ಸಂದೇಶದ ಸ್ಕ್ರೀನ್‌ಶಾಟ್ ತೆಗೆದು, ಗಡುವು ಮೀರುವ ಮುನ್ನವೇ ಅಧ್ಯಾಪಕರಿಗೆ ಕಳುಹಿಸಿ.