ಮಣ್ಣು-ನೀರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳು ಮುಂಬಯಿ, ಪುಣೆ, ಗೋವಾ ಕಡೆಯವು. ಮಳೆಗಾಲ ಬಾಗಿಲಲ್ಲಿ ನಿಂತಿದೆ. ಎಲ್ಲರ ತಕರಾರೂ ಸುತ್ತಿ ಬಳಸಿ ನೀರಿಗೇ ಬಂದು ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಸೊಸೈಟಿಯಲ್ಲಿ 40 ಮನೆಗಳಿವೆ. ಹಸಿಕಸದ ಗೊಬ್ಬರ ಬೇಸಿಗೆಯಲ್ಲಿ ಚೆನ್ನಾಗಿ ಆಗುತ್ತಿತ್ತು. ಜುಲೈ ಬರುತ್ತಲೇ ನಾತ, ಹುಳ. ಕೆಳಮಹಡಿಯವರು ಜಗಳಕ್ಕೇ ನಿಂತರು. ಎಲ್ಲಿ ತಪ್ಪಿದೆವು? – ಓದುಗರು, ಡೊಂಬಿವಲಿ ಪೂರ್ವ

ಉತ್ತರ: ನಿಮ್ಮ ಒಣ ಎಲೆ ಮುಗಿದುಹೋಗಿರಬೇಕು. ಎಲೆ ಉದುರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬೇಕಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಸ ಗುಡಿಸುವವರಿಗೆ ಹೇಳಿ ಈಗಲೇ ಗೋಣಿಚೀಲಗಳಲ್ಲಿ ತುಂಬಿಸಿ, ಮಳೆ ತಾಗದ ಕಡೆ ಇಡಿ. ಅಳತೆ ಸರಳ: ಒಂದು ಬಕೆಟ್ ಹಸಿಕಸಕ್ಕೆ ಒಂದರಿಂದ ಒಂದೂವರೆ ಬಕೆಟ್ ಒಣ ಎಲೆ. ಎಲೆ ಸಾಲದಿದ್ದರೆ ಮರದ ಹೊಟ್ಟು ಆಗುತ್ತದೆ. ಪ್ಲೈವುಡ್ ಕೊಯ್ದ ಹೊಟ್ಟು ಮಾತ್ರ ಬೇಡ, ಅದರಲ್ಲಿ ಅಂಟು ಇರುತ್ತದೆ. ಸಾಂಬಾರು, ಸಾರು ಸೋಸಿಯೇ ಹಾಕಲು ಮನೆಯವರಿಗೆ ಹೇಳಿ.

ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ನೋಡಿ. ಬೆರಳ ಸಂದಿನಲ್ಲಿ ಒಂದೆರಡು ಹನಿ ಬಂದರೆ ಸರಿ. ಧಾರೆಯಾಗಿ ಇಳಿದರೆ ಒಳಗೆ ಗಾಳಿಗೆ ಜಾಗವಿಲ್ಲ, ಕೊಳೆತ ಮೊಟ್ಟೆಯ ವಾಸನೆ ಬರುವುದು ಅದಕ್ಕೇ. ಮೂಗಿಗೆ ಚುರ್ರೆನ್ನುವ ಅಮೋನಿಯಾ ವಾಸನೆಯಾದರೆ ರೋಗ ಬೇರೆ: ಸಾರಜನಕ ಹೆಚ್ಚಾಗಿದೆ, ಒಣ ಎಲೆ ಕಡಿಮೆಯಾಗಿದೆ. ದಪ್ಪ, ಬೂದುಬಣ್ಣದ ಹುಳುಗಳು ಹೆಚ್ಚಾಗಿ ಕಪ್ಪು ಸೈನಿಕ ನೊಣದ ಮರಿಗಳು. ಅಪಾಯವಿಲ್ಲ, ಒದ್ದೆ ಜಾಸ್ತಿಯಾಗಿದೆ ಎಂಬ ಸೂಚನೆ ಅಷ್ಟೆ. ರಾಶಿ ಮೂರಡಿ ಉದ್ದ, ಅಗಲ, ಎತ್ತರಕ್ಕಿಂತ ಚಿಕ್ಕದಾದರೆ ಒಳಗೆ ಬಿಸಿ ನಿಲ್ಲುವುದಿಲ್ಲ. ಗೊಬ್ಬರ ಮಾಗಿದೆಯೇ ಎಂದು ತಿಳಿಯಲು ಒಂದು ಹಿಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಬಿಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಗಿಡಕ್ಕೆ ಹಾಕಬಹುದು, ಹುಳಿ ವಾಸನೆ ಬಂದರೆ ಇನ್ನೂ ಕಾಯಬೇಕು.

ಪ್ರಶ್ನೆ: ಲೋಕಲ್ ಹಳಿಯ ಪಕ್ಕ ಬೆಳೆಯುವ ಪಾಲಕ್, ಹರಿವೆ ಉಪ್ಪುನೀರಿನಲ್ಲಿ ತೊಳೆದರೆ ತಿನ್ನಬಹುದೇ? – ಓದುಗರು, ಮುಲುಂಡ್

ಉತ್ತರ: ತೊಳೆದರೆ ಧೂಳು ಹೋಗುತ್ತದೆ, ಬೇಯಿಸಿದರೆ ರೋಗಾಣು ಸಾಯುತ್ತದೆ. ಚರಂಡಿ ನೀರಿನಿಂದ ಎಲೆಯೊಳಗೆ ಸೇರಿದ ಸೀಸ, ಕ್ಯಾಡ್ಮಿಯಂ ಎರಡಕ್ಕೂ ಹೋಗುವುದಿಲ್ಲ. ಸೊಪ್ಪಿನಲ್ಲಿ ಇವು ಹೆಚ್ಚು ಸೇರುತ್ತವೆ. ಬೆಂಡೆ, ಸೋರೆಯಂಥ ಕಾಯಿಗಳಲ್ಲಿ ಕಡಿಮೆ. ದಿನವೂ ತಿನ್ನುವ ಸೊಪ್ಪನ್ನು ಅಲ್ಲಿಂದ ತರಬೇಡಿ. ಬೆಳೆಯುವವನ ಮೇಲೆ ಸಿಟ್ಟಾಗಿ ಮಾತ್ರ ಫಲವಿಲ್ಲ, ಅವನಿಗೆ ಸಿಗುವ ನೀರೇ ಅದು.

ಪ್ರಶ್ನೆ: ಕರ್ಜತ್ ಬಳಿ ಸ್ನೇಹಿತರ ಒಂದು ಎಕರೆ ಗದ್ದೆ ನೋಡಿಕೊಳ್ಳುತ್ತಿದ್ದೇನೆ. ನಾಟಿಗೆ ಆಳು ಸಿಗುವುದಿಲ್ಲ. ನಾಟಿಯೇ ಬೇಡದ ಸಗುಣಾ ಪದ್ಧತಿ ಮಾಡಬಹುದೇ? ಗೊಬ್ಬರಕ್ಕೆ ಜೀವಾಮೃತ ಒಂದೇ ಸಾಕೇ? – ಓದುಗರು, ಚಿಂಚವಡ

ಉತ್ತರ: ಮಾಡಬಹುದು. ಅದು ಹುಟ್ಟಿದ್ದೇ ನಿಮ್ಮ ಗದ್ದೆಯ ಪಕ್ಕ, ಕರ್ಜತ್ ತಾಲೂಕಿನ ನೇರಳ್‌ನಲ್ಲಿ, ಕೃಷಿಕ ಚಂದ್ರಶೇಖರ ಭಡಸಾವಳೆಯವರ ಕೈಯಲ್ಲಿ. ಮಡಿಯನ್ನು ಒಂದೇ ಸಲ ಕಟ್ಟಬೇಕು: ಮೇಲ್ಭಾಗ 100 ಸೆಂ.ಮೀ. ಅಗಲ, ಕಾಲುವೆಯಿಂದ ಕಾಲುವೆಗೆ 136 ಸೆಂ.ಮೀ. ಆಮೇಲೆ ಉಳುವುದಿಲ್ಲ, ಕೆಸರು ಮಾಡುವುದಿಲ್ಲ. ಕಬ್ಬಿಣದ ಚೌಕಟ್ಟನ್ನು ಮಡಿಯ ಮೇಲೆ ಒತ್ತಿದರೆ 25 ಸೆಂ.ಮೀ. ಅಂತರದಲ್ಲಿ ಇಂಚು ಆಳದ ಕುಳಿಗಳು ಬೀಳುತ್ತವೆ. ಕುಳಿಗೆ 3-4 ಕಾಳು. ಎಕರೆಗೆ ಸುಮಾರು 50 ಸಾವಿರ ಕುಳಿ, ಅಂದರೆ 2 ಲಕ್ಷ ಕಾಳು. ಸಾವಿರ ಕಾಳಿಗೆ 22 ಗ್ರಾಂ ಎಂದು ಹಿಡಿದರೆ ನಾಲ್ಕೂವರೆ ಕಿಲೋ ಆಸುಪಾಸು. ಹುಟ್ಟದ ಕುಳಿಗಳಿಗೂ ಸೇರಿಸಿ 6 ಕಿಲೋ ಇಟ್ಟುಕೊಳ್ಳಿ. ಬಿತ್ತುವ ಮೊದಲು 10 ಲೀಟರ್ ನೀರಿಗೆ 300 ಗ್ರಾಂ ಉಪ್ಪು ಕರಗಿಸಿ ಬೀಜ ಸುರಿದು ತೇಲಿದ ಜೊಳ್ಳನ್ನು ತೆಗೆಯಿರಿ. ಮುಳುಗಿದ್ದನ್ನು ಎರಡು ಸಲ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಆರಿಸಿ.

ಕೆಡುವುದು ಮೂರು ಕಡೆ. ತಡವಾಗಿ ಬಿತ್ತಿದರೆ ಜೋರು ಮಳೆಗೆ ಕುಳಿ ತುಂಬಿ ಬೀಜ ಕೊಳೆಯುತ್ತದೆ. ಮಳೆ ಹಿಡಿಯುವ ಮೊದಲೇ ಮುಗಿಸಬೇಕು. ಎಳೆ ಪೈರಿನ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ನೀರು ನಿಲ್ಲದ ಮಡಿಯಲ್ಲಿ ಇದು ಸಾಮಾನ್ಯ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಅದರರ್ಧ ಸುಣ್ಣ ಬೆರೆಸಿ ಸಿಂಪಡಿಸಿ. ಮೂರನೆಯದು ಕಳೆ. ಕೆಸರುಗದ್ದೆಯಲ್ಲಿ ನೀರೇ ಕಳೆಯನ್ನು ಅಡಗಿಸಿಡುತ್ತದೆ, ಇಲ್ಲಿ ಆ ಅನುಕೂಲವಿಲ್ಲ. ಆದ್ದರಿಂದ ಈ ಪದ್ಧತಿಯಲ್ಲಿ ಕಳೆನಾಶಕ ಬಳಸುತ್ತಾರೆ. ಮಣ್ಣು ಕೊಚ್ಚಿಹೋಗುವುದು ತಪ್ಪುತ್ತದೆ, ಮೀಥೇನ್ ಕಡಿಮೆಯಾಗುತ್ತದೆ, ಬೆನ್ನು ಬಗ್ಗಿಸಿ ನಾಟಿ ಮಾಡುವ ಹೆಂಗಸರ ಕಷ್ಟ ತಪ್ಪುತ್ತದೆ. ಆದರೆ ಇದನ್ನು ಸಾವಯವ ಎಂದು ಕರೆಯಲಾಗದು. ಮದ್ದು ಬೇಡವೆಂದರೆ 20ನೇ ಮತ್ತು 40ನೇ ದಿನದ ಕೈಗಳೆಗೆ ಆಳು ಗೊತ್ತುಮಾಡಿಕೊಂಡೇ ಇಳಿಯಿರಿ. ಕೊಯ್ಲಾದ ಮೇಲೆ ಬೇರು ಕೀಳಬೇಡಿ, ಅದೇ ಮಡಿಯಲ್ಲಿ ಅವರೆ ಅಥವಾ ಹೆಸರು ಹಾಕಿ.

ಇನ್ನು ಜೀವಾಮೃತ. 200 ಲೀಟರ್ ನೀರಿಗೆ 10 ಕಿಲೋ ಸಗಣಿ, 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ಬೇಳೆಹಿಟ್ಟು, ಒಂದು ಹಿಡಿ ಮಣ್ಣು. ಇಡೀ ಡ್ರಮ್ಮಿನಲ್ಲಿ ಸಾರಜನಕ ಕಾಲು ಕಿಲೋ ಆಸುಪಾಸು. ಒಂದೂವರೆ ಟನ್ ಭತ್ತ ಮಣ್ಣಿನಿಂದ ಎಳೆದುಕೊಳ್ಳುವುದು 25-30 ಕಿಲೋ! ಜೀವಾಮೃತ ಹೆಪ್ಪಿನ ಹಾಗೆ, ಹಾಲು ಬೇರೆ ಬೇಕು. ಆ ಹಾಲು ನಿಮ್ಮಲ್ಲಿ ಬದುವಿನ ಮೇಲೆ ಬೆಳೆಯುವ ಗ್ಲಿರಿಸಿಡಿಯಾ, ಅಲ್ಲಿಯವರು ಗಿರಿಪುಷ್ಪ ಎನ್ನುತ್ತಾರೆ. 2 ಟನ್ ಹಸಿ ಸೊಪ್ಪು 12 ಕಿಲೋದಷ್ಟು ಸಾರಜನಕ ಕೊಟ್ಟೀತು. ಉಳಿದದ್ದಕ್ಕೆ ಕೊಟ್ಟಿಗೆ ಗೊಬ್ಬರ.

ಪ್ರಶ್ನೆ: ತವರು ಕುಮಟಾ. ಗೋವಾದ ದಿವಾರ್ ದ್ವೀಪದಲ್ಲಿ ಗಂಡನ ಮನೆಯವರ ಖಾಜನ್ ಗದ್ದೆಗೆ (ಉಬ್ಬರದ ಉಪ್ಪುನೀರನ್ನು ಕಟ್ಟೆಯಿಂದ ತಡೆದು ಮಾಡಿದ ತಗ್ಗು ಗದ್ದೆ) ಕಟ್ಟೆ ಒಡೆದು ಉಪ್ಪುನೀರು ನುಗ್ಗಿದೆ. ಜಿಪ್ಸಮ್ ಹಾಕಿದರೆ ಸರಿಹೋಗುವುದೇ? – ಓದುಗರು, ಗೋವಾ

ಉತ್ತರ: ಜಿಪ್ಸಮ್‌ಗೆ ದುಡ್ಡು ಹಾಕಬೇಡಿ. ಅದು ಬೇಕಾಗುವುದು ಸೋಡಿಯಂ ಹಿಡಿದ, ಪಿಎಚ್ 8.5 ದಾಟಿದ ಮಣ್ಣಿಗೆ. ಖಾಜನ್ ಮಣ್ಣು ಸಾಮಾನ್ಯವಾಗಿ ಆಮ್ಲೀಯ; ಜಿಪ್ಸಮ್ ಕೊಡುವ ಕ್ಯಾಲ್ಸಿಯಂ ಸಮುದ್ರದ ನೀರಿನಲ್ಲೇ ಸಾಕಷ್ಟಿದೆ. ನಿಮ್ಮ ಮಣ್ಣಿಗೆ ಬೇಕಾದದ್ದು ಮಳೆ. ನಿಮ್ಮೂರಿನ ಗಜನಿ ನೋಡಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ; ಖಾಜನ್ ಅದರ ಒಡಹುಟ್ಟು.

ಮೊದಲು ಕಟ್ಟೆ. ಗದ್ದೆಯ ಜಿಗಟು ಮಣ್ಣು, ನಡುವೆ ಹುಲ್ಲಿನ ಪದರ, ಹೊಳೆಯ ಬದಿಗೆ ಚಿರೆಕಲ್ಲು. ಗುಡ್ಡದ ಕೆಂಪು ಮಣ್ಣು ಅಗ್ಗವೆಂದು ಸುರಿದರೆ ಒಂದೇ ಮಳೆಗಾಲಕ್ಕೆ ಕರಗುತ್ತದೆ. ಏಡಿಬಿಲವನ್ನು ಇಳಿತದ ಹೊತ್ತಿನಲ್ಲಿ ಅಗೆದು, ಜಿಗಟು ಮಣ್ಣು ತುಂಬಿ ತುಳಿಯಬೇಕು. ಬಾಯಿ ಮಾತ್ರ ಮುಚ್ಚಿದರೆ ನೀರು ಒಳಗಿಂದಲೇ ದಾರಿ ಮಾಡಿಕೊಳ್ಳುತ್ತದೆ. ಹೊರಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿಯಬೇಡಿ, ಅಲೆಯ ಹೊಡೆತ ತಡೆಯುವುದು ಅದೇ.

ಆಮೇಲೆ ಮಾನಸ, ಅಂದರೆ ತೂಬಿನ ಮರದ ಬಾಗಿಲು. ಇಳಿತದಲ್ಲಿ ಒಳಗಿನ ನೀರಿನ ಒತ್ತಡಕ್ಕೆ ತಾನೇ ಹೊರಕ್ಕೆ ತೆರೆಯುತ್ತದೆ, ಉಬ್ಬರದಲ್ಲಿ ಹೊರಗಿನ ಒತ್ತಡಕ್ಕೆ ತಾನೇ ಮುಚ್ಚುತ್ತದೆ. ಮರಕ್ಕೆ ಹುಳ ಹತ್ತಿದರೂ ಸಂದಿನಲ್ಲಿ ಕಸ ಸಿಕ್ಕಿದರೂ ಈ ಆಟ ಕೆಡುತ್ತದೆ. ಸಿಗಡಿಗಾಗಿ ರಾತ್ರಿ ಬಾಗಿಲು ಎತ್ತಿ ಕಟ್ಟುವವರೂ ಇದ್ದಾರೆ.

ಕಟ್ಟೆ ನಿಂತ ಮೇಲೆ ಜೂನ್-ಜುಲೈನಲ್ಲಿ 10-15 ಸೆಂ.ಮೀ. ಮಳೆನೀರು ಎರಡು ದಿನ ನಿಲ್ಲಿಸಿ, ಇಳಿತದಲ್ಲಿ ಬಿಡಿ. ಮೂರು ನಾಲ್ಕು ಸಲ ಹೀಗೆ ಮಾಡಿ ಮಣ್ಣು ಪರೀಕ್ಷೆಗೆ ಕೊಡಿ. ಸಾಮಾನ್ಯ ಭತ್ತಕ್ಕೆ ಲವಣಾಂಶ ಮೀಟರಿಗೆ 3 ಡೆಸಿಸೀಮನ್ಸ್ (ವರದಿಯಲ್ಲಿ dS/m) ದಾಟಿದರೆ ಇಳುವರಿ ಇಳಿಯತೊಡಗುತ್ತದೆ, 7ರ ಹತ್ತಿರ ಅರ್ಧಕ್ಕರ್ಧ ಹೋಗುತ್ತದೆ. ಅದಕ್ಕೇ ಉಪ್ಪು ತಾಳುವ ನಾಟಿ ತಳಿಗಳು: ಅಲ್ಲಿ ಕೊರ್ಗುಟ್, ನಿಮ್ಮಲ್ಲಿ ಕಗ್ಗ. ಹಳೇ ಗೋವಾದ ಏಲಾದಲ್ಲಿರುವ ಐಸಿಎಆರ್ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯ ‘ಗೋವಾ ಧಾನ್’ ತಳಿಗಳನ್ನೂ ವಿಚಾರಿಸಿ. ಉಪ್ಪಿಗೆ ಭತ್ತ ಸೋಲುವುದು ಎಳೆ ಸಸಿಯಲ್ಲಿ ಮತ್ತು ಹೂ ಬಿಡುವಾಗ. ಆದ್ದರಿಂದ 30-35 ದಿನದ ಬಲಿತ ಸಸಿ ನೆಡಿ. ಹತ್ತು ದಿನದ ಎಳೆ ಸಸಿ ನೆಡುವ ಹೊಸ ಪದ್ಧತಿಗಳು ಇಲ್ಲಿಗೆ ಒಗ್ಗುವುದಿಲ್ಲ.

ಒಬ್ಬರ ಗದ್ದೆಯನ್ನು ಮಾತ್ರ ಉಳಿಸಿಕೊಳ್ಳಲು ಬರುವುದಿಲ್ಲ, ಕಟ್ಟೆ ಎಲ್ಲರದು. ಗೇಣಿದಾರರ ಸಂಘ ಇದ್ದರೆ ನಾಟಿಯಿಂದ ಕೊಯ್ಲಿನವರೆಗೆ ಮಾನಸ ಯಾರ ಉಸ್ತುವಾರಿಯಲ್ಲಿರಬೇಕು ಎಂಬುದನ್ನು ಬರಹದಲ್ಲಿ ಮಾಡಿಸಿ, ಸಿಗಡಿ ಗುತ್ತಿಗೆಯವರ ಸಹಿಯೂ ಇರಲಿ. ಉಬ್ಬರ ಜೋರಿರುವುದು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಅದಕ್ಕೆ ಎರಡು ದಿನ ಮೊದಲೇ ಇಳಿತದಲ್ಲಿ ಇಡೀ ಕಟ್ಟೆ ನಡೆದು, ಜಿನುಗುವ ಜಾಗಗಳಿಗೆಲ್ಲ ಕೋಲು ನೆಟ್ಟು ಗುರುತು ಮಾಡಿ.