ಬರೀ 300 ಗಂಟೆ ಓಡಿದ ಕ್ಯಾಬಿನ್ ಬೋಟು: ಅದೇ ಮೀಟರ್ ನಂಬಿ ದುಡ್ಡು ಕಳೆದುಕೊಂಡವನ ಉತ್ತರ

ಸಿಯಾಟಲ್‌ನಲ್ಲಿದ್ದೀರಿ, ಇಬ್ಬರು ಮಕ್ಕಳು, 26 ಅಡಿಯ ಸೆಕೆಂಡ್‌ಹ್ಯಾಂಡ್ ಕ್ಯಾಬಿನ್ ಬೋಟು ತಗೊಳ್ಳಲಾ ಅಂತ ಕೇಳಿದ್ದೀರಿ. ಇಂಜಿನ್ ಎಷ್ಟು ಹೊತ್ತು ಓಡಿದೆ ಅಂತ ಎಣಿಸೋ ಮೀಟರ್ ಪ್ರಕಾರ 300 ಗಂಟೆಯಷ್ಟೇ ಓಡಿದೆ, ಯಾವಾಗಲೂ ಸಿಹಿನೀರಲ್ಲೇ ಇತ್ತು, ಆರು ಜನ ಮಲಗಬಹುದು ಅಂತ ಮಾರುವವನು ಹೇಳಿದ್ದಾನೆ. ಇವೇ ಮೂರು ಮಾತು ನಂಬಿ ಇಂಥದ್ದೇ ಬೋಟಿಗೆ ಚೆಕ್ ಬರೆದವನು ನಾನು.

ನಮ್ಮೂರು ಗಂಗೊಳ್ಳಿ ಕಡೆ. ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ ಕೂತು ಕೋಡ್ ಬರೆಯೋದು ನನ್ನ ಕೆಲಸ, ಆದರೂ ಕಡಲು, ದೋಣಿ ಅಂದ್ರೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನೋ ಕೊಬ್ಬು ಇತ್ತು. ನಾನು ನೋಡಿದ್ದು 2004ರ ಮಾಡೆಲ್. ಪೆಟ್ರೋಲ್ ಸ್ಟರ್ನ್‌ಡ್ರೈವ್ (ಇಂಜಿನ್ ಬೋಟಿನ ಒಳಗೆ, ಪ್ರೊಪೆಲರ್ ಇರೋ ಡ್ರೈವ್ ಹಿಂಬದಿ ಹೊರಗೆ), ಮುಂದೆ ಪುಟ್ಟ ಕ್ಯಾಬಿನ್, ಹಿಂದೆ ಕೂರೋಕೆ ತೆರೆದ ಕಾಕ್‌ಪಿಟ್. ಲೇಕ್ ಯೂನಿಯನ್‌ನಲ್ಲಿ ಕಟ್ಟಿತ್ತು. ಕೆರೆಗೂ ಕಡಲಿಗೂ ನಡುವೆ ಬೋಟು ದಾಟಿಸೋ ಬ್ಯಾಲರ್ಡ್ ಲಾಕ್ಸ್ ಗೇಟುಗಳ ಈಚೆ ಸಿಹಿನೀರು, ಆಚೆ ಪ್ಯೂಜೆಟ್ ಸೌಂಡ್ ಅನ್ನೋ ಕಡಲ ಚಾಚಿನ ಉಪ್ಪುನೀರು ಅನ್ನೋದು ನಿಮಗೂ ಗೊತ್ತಿರುತ್ತೆ. ವರ್ಷಗಟ್ಟಲೆ ಆಚೆ ಇದ್ದ ಬೋಟನ್ನ ಮಾರೋ ತಿಂಗಳು ಈಚೆ ತಂದು ಕಟ್ಟಿದರೆ ಬೋಟೇನು ಬಾಯಿಬಿಟ್ಟು ಹೇಳುತ್ತಾ?

ಕೊಳ್ಳೋ ಮುಂಚೆ ಬೋಟು ಪರೀಕ್ಷೆ ಮಾಡೋ ಸರ್ವೇಯರ್‌ನ ಕರೆಸಿದ್ದೆ. ಬೋಟನ್ನ ಮೇಲೆತ್ತಿಸಿ, ಸಣ್ಣ ಸುತ್ತಿಗೆಯಿಂದ ಮೈಯೆಲ್ಲ ತಟ್ಟಿ, ತೇವದ ಮೀಟರ್ ಹಿಡಿದು, ಟ್ರಾನ್ಸಮ್‌ನ, ಅಂದ್ರೆ ಹಿಂಬದಿ ಗೋಡೆಯ, ಮರ ಕೊಳೆತಿಲ್ಲ ಅಂದ. ಜೊತೆಗೆ, "ನಾನು ಹಲ್, ಅಂದ್ರೆ ಬೋಟಿನ ಮೈ, ನೋಡ್ತೀನಿ, ಇಂಜಿನ್‌ಗೆ ಬೇರೆ ಮೆಕ್ಯಾನಿಕ್‌ನ ಕರೆಸು" ಅಂತಲೂ ಅಂದ. ಆ ಕೆಲವು ನೂರು ಡಾಲರ್ ಉಳಿಸಿದೆ. 300 ಗಂಟೆ ಓಡಿದ ಇಂಜಿನ್‌ನಲ್ಲಿ ನೋಡೋಕೆ ಏನಿರುತ್ತೆ ಅಂತ ನನ್ನ ಲೆಕ್ಕ.

ಕಾರಿನ ತಲೆ ಇಟ್ಟುಕೊಂಡು ಬೋಟು ನೋಡಿದ್ದೇ ತಪ್ಪಾಯ್ತು. ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇರೆ ಏನು ಮರೆತರೂ ಇದನ್ನ ಮರೀಬೇಡಿ. ಕಾರಿನ ರೇಡಿಯೇಟರ್ ಇಲ್ಲಿಲ್ಲ. ಈ ಥರದ ಬಹಳಷ್ಟು ಹಳೇ ಇಂಜಿನ್‌ಗಳು ಹೊರಗಿನ ನೀರನ್ನೇ ಎಳೆದು, ಬ್ಲಾಕ್ ಒಳಗೆಲ್ಲ ಸುತ್ತಿಸಿ, ಹೊಗೆ ಹೊರಬರೋ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸುತ್ತ ಹರಿಸಿ, ಕೊನೆಗೆ ಅದರ ಮೇಲೆ ಕೂರೋ ಬಾಗಿದ ಕೊಳವೆ, ರೈಸರ್, ಹತ್ತಿರ ಹೊಗೆ ಜೊತೆ ಬೆರೆಸಿ ಹೊರಗೆ ಉಗುಳುತ್ತವೆ. ಮ್ಯಾನಿಫೋಲ್ಡ್, ರೈಸರ್ ಎರಡೂ ಎರಕದ ಕಬ್ಬಿಣ. ಒಳಗೆ ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಕಾದ ಹೊಗೆ, ನಡುವೆ ಇರೋದು ಒಂದು ಗೋಡೆ. ಬೋಟು ಓಡಲಿ, ಸುಮ್ಮನೆ ನಿಂತಿರಲಿ, ಉಪ್ಪು ಆ ಗೋಡೆಯನ್ನ ತಿಂತಾನೇ ಇರುತ್ತೆ. ಗಂಟೆ ಮೀಟರಿಗೂ ಅದಕ್ಕೂ ಸಂಬಂಧವೇ ಇಲ್ಲ. ಉಪ್ಪುನೀರಿನಲ್ಲಿ ಐದಾರು ವರ್ಷಕ್ಕೊಮ್ಮೆ ಇವನ್ನ ಬದಲಿಸಬೇಕು ಅಂತ ಮೆಕ್ಯಾನಿಕ್‌ಗಳು ಹೇಳೋದು ಇದಕ್ಕೇ. ಇಷ್ಟು ವರ್ಷಕ್ಕೆ 300 ಗಂಟೆ ಅಂದ್ರೆ ಬೋಟು ಇಂಜಿನ್ ಒಳಗೆ ಉಪ್ಪುನೀರು ಇಟ್ಟುಕೊಂಡು ಸುಮ್ಮನೆ ನಿಂತಿದ್ದೇ ಹೆಚ್ಚು ಅಂತ ಅರ್ಥ. ಎಂಟುನೂರು ಗಂಟೆ ಓಡಿ, ಪ್ರತಿ ಸರ್ವಿಸ್‌ಗೂ ರಸೀದಿ ಇರೋ ಬೋಟು ಸಿಕ್ಕರೆ ನಾನು ಮೊದಲು ಅದನ್ನೇ ನೋಡ್ತೀನಿ.

ಬೋಟು ತಗೊಂಡ ಬೇಸಿಗೆಯಲ್ಲೇ ಪ್ಯೂಜೆಟ್ ಸೌಂಡಿನ ಬ್ಲೇಕ್ ಐಲ್ಯಾಂಡ್‌ಗೆ ಹೋಗಿ ರಾತ್ರಿ ಉಳಿದೆವು. ಬೆಳಿಗ್ಗೆ ಇಂಜಿನ್ ಜಾಗದ ಪೆಟ್ರೋಲ್ ಆವಿ ಹೊರಹಾಕೋ ಬ್ಲೋವರ್ ಫ್ಯಾನ್ ಹಾಕಿ, ನಾಲ್ಕು ನಿಮಿಷ ಕಾದು, ಕೀ ತಿರುಗಿಸಿದರೆ 'ಟಕ್' ಅಂತ ಒಂದೇ ಸದ್ದು. ರೈಸರ್ ಒಳಗೇ ತೂತಾಗಿತ್ತು. ಇಂಜಿನ್ ನಿಲ್ಲಿಸಿದ ಮೇಲೆ ಅಲ್ಲಿದ್ದ ನೀರು ರಾತ್ರಿಯಿಡೀ ಹನಿಹನಿಯಾಗಿ ಹಿಂದಕ್ಕೆ ಇಳಿದು, ತೆರೆದಿದ್ದ ಎಕ್ಸಾಸ್ಟ್ ವಾಲ್ವ್ ಮೂಲಕ ಸಿಲಿಂಡರ್ ಸೇರಿತ್ತು. ಗಾಳಿಯನ್ನ ಅದುಮಬಹುದು, ನೀರನ್ನ ಆಗಲ್ಲ. ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡ್ ಬಾಗಿತ್ತು. ಬೋಟನ್ನ ಎಳೆಸಿಕೊಂಡು ಬಂದು, ಇಂಜಿನ್ ಬದಲಿಸಿ, ಎಲ್ಲ ಮುಗಿಯೋ ಹೊತ್ತಿಗೆ ಬೋಟಿನ ಬೆಲೆಯ ಅರ್ಧದಷ್ಟು ಮತ್ತೆ ಕೈಬಿಟ್ಟಿತ್ತು.

ಹೊಟ್ಟೆ ಉರಿಯೋದು ದುಡ್ಡಿಗಲ್ಲ. ಮೇಲೆತ್ತಿದ ದಿನವೇ ಬೋಟು ಎಲ್ಲ ಹೇಳಿತ್ತು. ಬೋಟಿನ ಹಿಂಬದಿ ಅಡಿಯಲ್ಲಿರೋ ಟ್ರಿಮ್ ಟ್ಯಾಬ್ ಅನ್ನೋ ತಗಡಿನ ಹಿಂದೆ, ಬ್ರಷ್ ಹೋಗದ ಸಂದಿಯಲ್ಲಿ, ಮೆಣಸಿನ ಕಾಳಿನಷ್ಟು ಅಗಲದ ಬಿಳಿ ಉಂಗುರಗಳು ಸಾಲಾಗಿದ್ದವು. ನನ್ನ ಹೆಂಡತಿ ಉಗುರಲ್ಲಿ ಕೆರೆದು "ಇದೇನು?" ಅಂದಳು. ಮಾರುವವನು "ಹಳೇ ಪೇಂಟ್" ಅಂದ. ಅದು ಬಾರ್ನಕಲ್, ಅಂದ್ರೆ ದೋಣಿ ತಳಕ್ಕೆ ಅಂಟಿಕೊಳ್ಳೋ ಚಿಪ್ಪಿನ ಜೀವಿ, ಕಿತ್ತ ಗುರುತು. ಬಾರ್ನಕಲ್ ಬೆಳೆಯೋದು ಉಪ್ಪುನೀರಲ್ಲಿ, ಸಿಹಿನೀರಲ್ಲಿ ಅಲ್ಲ. ದಡಕ್ಕೆಳೆದ ದೋಣಿಯ ತಳ ಕೆರೆಯೋದನ್ನ ನೋಡ್ತಾ ಬೆಳೆದ ನಾನು ಅವತ್ತು ತಲೆ ಆಡಿಸಿದೆ! ಡ್ರೈವ್ ಮೇಲಿನ ಆನೋಡ್ (ಬೋಟಿನ ಲೋಹ ಉಳಿಸೋಕೆ ತಾನೇ ಕರಗೋ ಲೋಹದ ತುಂಡು) ಕೂಡ ಸತುವಿನದು, ಅರ್ಧ ತಿಂದುಹೋಗಿತ್ತು. ಸಿಹಿನೀರಿಗೆ ಹಾಕೋದು ಮೆಗ್ನೀಸಿಯಂ. ಸತುವಿನ ಆನೋಡ್ ಅಲ್ಲಿ ಸರಿಯಾಗಿ ಕರಗೋದೇ ಇಲ್ಲ, ಮೇಲೆ ಪೊರೆ ಕಟ್ಟಿಕೊಂಡು ಸುಮ್ಮನಾಗುತ್ತೆ.

ಇನ್ನು 'ಆರು ಜನ ಮಲಗಬಹುದು'. ನೀವು ಕೇಳಬೇಕಾದ ಪ್ರಶ್ನೆಯೇ ಇದಲ್ಲ. ಊಟದ ಮೇಜು ಇಳಿಸಿ, ಸೀಟು ಮಡಚಿ, ಕಾಕ್‌ಪಿಟ್‌ಗೆ ಕ್ಯಾನ್ವಾಸ್ ಹೊದಿಸಿ ಲೆಕ್ಕ ಹಾಕಿರ್ತಾರೆ. ನಿಜಕ್ಕೂ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಒಂದು ರಾತ್ರಿ ಜಗಳ ಇಲ್ಲದೆ ಕಳೆದರೆ ಪುಣ್ಯ. ಈ ಗಾತ್ರದಲ್ಲಿ ಕ್ಯಾಬಿನ್ ಇರೋದು ಟಾಯ್ಲೆಟ್‌ಗೆ, ಮಳೆ ಬಂದಾಗ ಮಕ್ಕಳನ್ನ ಒಳಗೆ ಕೂರಿಸೋಕೆ, ಮಧ್ಯಾಹ್ನದ ನಿದ್ದೆಗೆ. ಒಳಗೆ ನೀವು ಕಿಟಕಿಗಿಂತ ಮೊದಲು ನೋಡಬೇಕಾದ್ದು ಇಂಜಿನ್ ಹೊಗೆಯಲ್ಲಿರೋ ವಿಷದ ಗಾಳಿ ಪತ್ತೆಹಚ್ಚೋ ಕಾರ್ಬನ್ ಮೊನಾಕ್ಸೈಡ್ ಅಲಾರಂ, ಅದರ ಎಕ್ಸ್‌ಪೈರಿ. ಕ್ಯಾನ್ವಾಸ್ ಅರ್ಧ ಮುಚ್ಚಿಕೊಂಡು ಹೋಗುವಾಗ ಹಿಂದಿನ ಹೊಗೆ ತಿರುಗಿ ಒಳಗೇ ಬರುತ್ತೆ, ಅದರಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ನನ್ನನ್ನ ಕೇಳಿದರೆ ಈ ಊರಿಗೆ ತೆರೆದ ಕಾಕ್‌ಪಿಟ್ಟಿನ ಬೋಟೇ ಸರಿಯಲ್ಲ. ಫ್ಲೋರಿಡಾದವರು ಇಟ್ಟುಕೊಳ್ಳಲಿ. ಇಲ್ಲಿನ ಮಳೆಗೆ, ಬೇಸಿಗೆಯಲ್ಲೂ ಕೈ ಮರಗಟ್ಟಿಸೋ ನೀರಿಗೆ, ಒಳಗೆ ಕೂತೇ ಓಡಿಸೋ, ಸುತ್ತ ಗಾಜಿರೋ ಪೈಲಟ್‌ಹೌಸ್ ಬೇಕು, ಹಿಂದೆ ಹೊರಗಡೆ ತೂಗೋ ಔಟ್‌ಬೋರ್ಡ್ ಇಂಜಿನ್ ಇರಬೇಕು. ಸಿ-ಡೋರಿ, ರೇಂಜರ್ ಟಗ್ಸ್ ಥರದವು ಈ ಕಡೆಯೇ ಹುಟ್ಟಿದ ಬೋಟುಗಳು. ನೋಡೋಕೆ ಅಷ್ಟು ಝಗಮಗ ಇಲ್ಲ, ಬೆಲೆಯೂ ಜಾಸ್ತಿ, ಆದರೆ ಅಕ್ಟೋಬರ್‌ನಲ್ಲೂ ಹೊರಗೆ ಹೋಗ್ತೀರಿ. ಪೆಟ್ರೋಲ್ ಬಗ್ಗೆ ಹೆಚ್ಚು ಹೇಳಲ್ಲ: ನೀವು ನೋಡಿರೋ ಥರದ್ದು ವೇಗವಾಗಿ ಹೋಗುವಾಗ ಗ್ಯಾಲನ್‌ಗೆ ಒಂದೂವರೆ ಮೈಲಿ ಕೊಟ್ಟರೆ ಖುಷಿಪಡಿ.

ಇಷ್ಟಾದ ಮೇಲೂ ಅದೇ ಬೇಕು ಅಂದ್ರೆ, ನೀವು ಬರೋ ತನಕ ಇಂಜಿನ್ ಮುಟ್ಟಬೇಡ ಅಂತ ಮೊದಲೇ ಹೇಳಿ. ಹೋದ ತಕ್ಷಣ ಹ್ಯಾಚ್ ಎತ್ತಿಸಿ ಮ್ಯಾನಿಫೋಲ್ಡ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಅವತ್ತು ವಾಪಸ್ ಬನ್ನಿ, ಮೊದಲೇ ಬಿಸಿ ಮಾಡಿಟ್ಟ ಇಂಜಿನ್‌ನಲ್ಲಿ ಸ್ಟಾರ್ಟ್ ಆಗೋ ತೊಂದರೆ ಗೊತ್ತಾಗಲ್ಲ. ನಾನು ಹೋದಾಗ ಇಂಜಿನ್ ಆಗಲೇ ಬಿಸಿ ಇತ್ತು, "ನಿಮಗೋಸ್ಕರ ರೆಡಿ ಮಾಡಿಟ್ಟೆ" ಅಂದಿದ್ದ ಪುಣ್ಯಾತ್ಮ. ಮೆಕ್ಯಾನಿಕ್ ಕೈಲಿ ಸಿಲಿಂಡರ್ ಒತ್ತಡ ಅಳೆಯೋ ಕಂಪ್ರೆಷನ್ ಟೆಸ್ಟ್ ಮಾಡಿಸಿ, ರೈಸರ್ ಬಿಚ್ಚಿಸಿ ಒಳಗೆ ನೋಡಿಸಿ. ಡ್ರೈವ್ ಬೋಟಿಗೆ ಸೇರೋ ಕಡೆ ಇರೋ ರಬ್ಬರ್ ಕೊಳವೆ, ಬೆಲ್ಲೋಸ್, ಯಾವಾಗ ಬದಲಿಸಿದ್ದು ಅಂತ ಕೇಳಿ. ಅದು ಹರಿದರೆ ನೀರು ನೇರ ಬೋಟಿನ ಒಳಗೇ ಬರುತ್ತೆ. ನೀರಲ್ಲಿ ಓಡಿಸುವಾಗ ಪೂರ್ತಿ ಥ್ರಾಟಲ್ ಕೊಟ್ಟು, ಕಂಪನಿ ಹೇಳಿದ ಆರ್‌ಪಿಎಂ ಮುಟ್ಟುತ್ತಾ ನೋಡಿ. ಬಿಚ್ಚಿ ನೋಡೋಕೆ ಬಿಡಲ್ಲ ಅಂದರೆ ಆ ಬೋಟು ಬಿಡಿ, ಸಿಯಾಟಲ್‌ನಲ್ಲಿ ಬೋಟಿಗೇನು ಬರವಿಲ್ಲ.

ಮಕ್ಕಳನ್ನ ಮಾತ್ರ ಮೊದಲ ದಿನ ಕರೆದುಕೊಂಡು ಹೋಗಬೇಡಿ. ನಮ್ಮ ಮಗಳು ಓಡಿಹೋಗಿ ಒಳಗಿನ ಹಾಸಿಗೆ ಮೇಲೆ ಕೂತು "ಇದು ನಂದು" ಅಂದಳು. ಅದನ್ನ ಮಾರುವವನೂ ಕೇಳಿಸಿಕೊಂಡ, ಆಮೇಲೆ ಬೆಲೆಯಲ್ಲಿ ಒಂದು ಡಾಲರ್ ಇಳಿಸಲಿಲ್ಲ.