ಮಲಯಾಳಂ ಮೀಡಿಯಂನಲ್ಲಿ ಓದುವ ಮಗಳಿಗೆ ಮೊಬೈಲಿನಲ್ಲಿ ಕನ್ನಡ ಕಲಿಸಬಹುದಾ? ಯಾವ ಆಪ್ ಒಳ್ಳೆಯದು?

ಖಂಡಿತ ಕಲಿಸಬಹುದು. ಮಗಳು ಐದನೇ ಕ್ಲಾಸು, ಮನೆಮಾತು ತುಳು, ಕನ್ನಡ ಕೇಳಿದರೆ ತಿಳಿಯುತ್ತದೆ, ಆದರೆ ಓದಲು ಬರೆಯಲು ಬರುವುದಿಲ್ಲ ಅಂತ ಬರೆದಿದ್ದೀರಿ. ಕಾಸರಗೋಡಿನ ಮಂಜೇಶ್ವರ, ಕುಂಬಳೆ ಕಡೆ ಇಂಥ ಮಕ್ಕಳು ಎಷ್ಟೋ ಮಂದಿ. ನಾನು ಬದಿಯಡ್ಕದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ.

ಹೊಸ ಆಪ್ ಹುಡುಕುವ ಮೊದಲು ಫೋನಿನ ಕೀಬೋರ್ಡ್ ಸರಿಮಾಡಿ. ಗೂಗಲ್‌ನ ಕೀಬೋರ್ಡ್ ಆಪ್ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸುವಾಗ ಮುಖ್ಯವಾಗಿ ಎರಡು ಬಗೆ ಕಾಣುತ್ತವೆ. ಒಂದರಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುತ್ತದೆ. ಇನ್ನೊಂದರಲ್ಲಿ ಕನ್ನಡ ಅಕ್ಷರಗಳೇ ಇರುತ್ತವೆ. ಎರಡನೆಯದನ್ನೇ ಹಾಕಿ. ಮೊದಲನೆಯದರಲ್ಲಿ ಮಗು ಇಂಗ್ಲಿಷ್ ಸ್ಪೆಲಿಂಗ್ ಯೋಚಿಸುತ್ತದೆ, ಕನ್ನಡವನ್ನು ಫೋನೇ ಬರೆದುಬಿಡುತ್ತದೆ. ಎರಡನೆಯದರಲ್ಲಿ ‘ಅಕ್ಕ’ ಬರೆಯಲು ಅ, ಕ, ಆಮೇಲೆ ‘ಕ’ವನ್ನು ‘ಕ್’ ಮಾಡುವ ಕೀ, ಮತ್ತೆ ಕ ಒತ್ತಬೇಕು. ಒತ್ತಕ್ಷರ ಹೇಗೆ ಆಗುತ್ತದೆ ಅಂತ ಬೆರಳಿಗೇ ಗೊತ್ತಾಗುತ್ತದೆ. ಮಲಯಾಳಂನಲ್ಲಿ ಅಕ್ಷರದ ಮೇಲೆ ಹಾಕುವ ಅರ್ಧಚಂದ್ರದ ಗುರುತು, ಚಂದ್ರಕ್ಕಲ, ಮಾಡುವ ಕೆಲಸವೂ ಇದೇ ಅಲ್ವಾ? ಅಕ್ಷರಮಾಲೆಯ ಕ್ರಮ, ಹ್ರಸ್ವ, ದೀರ್ಘ ಎಲ್ಲ ಅವಳಿಗೆ ಆಗಲೇ ಗೊತ್ತಿದೆ. ಕಲಿಯಬೇಕಾದದ್ದು ಜಾಸ್ತಿ ಆಕಾರಗಳನ್ನೇ. ಪದ ಸೂಚಿಸುವ ಸೆಟ್ಟಿಂಗ್ ಮಾತ್ರ ಆಫ್ ಮಾಡಿ.

ಓದಲು ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟ್ ನೋಡಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ. ಎಷ್ಟೋ ಕಥೆಗಳು ಮಲಯಾಳಂನಲ್ಲೂ ಕನ್ನಡದಲ್ಲೂ ಇವೆ. ಇವತ್ತು ಮಲಯಾಳಂನಲ್ಲಿ ಓದಲಿ, ನಾಳೆ ಅದೇ ಕಥೆ ಕನ್ನಡದಲ್ಲಿ. ಕಥೆ ಗೊತ್ತಿದ್ದರೆ ಗಮನವೆಲ್ಲ ಅಕ್ಷರದ ಮೇಲೆ ನಿಲ್ಲುತ್ತದೆ. ನೆಟ್ ಸಿಕ್ಕಾಗ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕೇರಳದ ಕನ್ನಡ ಮೀಡಿಯಂ ಪಠ್ಯಪುಸ್ತಕಗಳು ಅಲ್ಲಿನ ಸರಕಾರಿ ಶಿಕ್ಷಣ ವೆಬ್‌ಸೈಟ್ ‘ಸಮಗ್ರ’ ಪೋರ್ಟಲಿನಲ್ಲಿ ಸಿಗುತ್ತವೆ, ಕೆಳಗಿನ ಕ್ಲಾಸಿನದರಿಂದ ಹಿಡಿಯಿರಿ.

ಮೈಕ್ ಒತ್ತಿ ಮಾತಾಡಿದರೆ ಫೋನ್ ಕನ್ನಡದಲ್ಲಿ ಬರೆಯುತ್ತದೆ, ಮಕ್ಕಳಿಗೆ ಅದು ಬಹಳ ಇಷ್ಟ. ಆದರೆ ಅದನ್ನು ಪರೀಕ್ಷೆಗೆ ಇಡಬೇಡಿ. ನಮ್ಮ ಕಡೆಯ ಮಾತಿನ ಧಾಟಿ ಅದಕ್ಕೆ ಎಷ್ಟೋ ಸಲ ಹಿಡಿಯುವುದಿಲ್ಲ. ‘ನನ್ನ ಕನ್ನಡ ಸರಿಯಿಲ್ಲ’ ಅಂತ ಮಗು ಸುಮ್ನೆ ಕುಗ್ಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದರ ಬದಲು ಓದಿದ ಒಂದು ಪುಟವನ್ನು ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಮಾಡಿ ಕನ್ನಡ ಬಲ್ಲ ಚಿಕ್ಕಮ್ಮನಿಗೋ ಅಜ್ಜಿಗೋ ಕಳಿಸಲಿ. ಅವರು ಕನ್ನಡದಲ್ಲೇ ಉತ್ತರ ಕೊಡಲಿ. ಕೇಳುವವರು ಇದ್ದಾರೆ ಅಂತಾದರೆ ಮಕ್ಕಳು ತಾವಾಗಿಯೇ ಮತ್ತೆ ಮತ್ತೆ ಓದುತ್ತಾರೆ.

ಕಾಪಿ ಪುಸ್ತಕದಲ್ಲಿ ಬರೆಯುವುದನ್ನೂ ಬಿಡಿಸಬೇಡಿ. ಕೀಬೋರ್ಡ್ ಹಾಕುವಾಗ ಎಲ್ಲಾದರೂ ಸಿಕ್ಕಿಬಿದ್ದರೆ ಯಾವ ಫೋನ್ ಅಂತ ಇಲ್ಲೇ ಬರೆಯಿರಿ, ಹೇಳುತ್ತೇನೆ.